ರಜೆಯ ಪಾಳಿ ಕೊಳ್ಳುವ ಮುನ್ನ: ಟೈಮ್‌ಶೇರ್ ಲೆಕ್ಕ

ನಮ್ಮ ಭಾಗದವರಿಗೆ ‘ಪಾಳಿ’ ಎಂದರೇನು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮಲಪ್ರಭಾ ಕಾಲುವೆ ಒಂದೇ, ಹೊಲ ನೂರಾರು. ಎಲ್ಲರಿಗೂ ಒಮ್ಮೆಲೇ ನೀರು ಹರಿಸಲು ಆಗುವುದಿಲ್ಲ. ಅದಕ್ಕೇ ಇಂದು ನಿಮ್ಮ ಪಾಳಿ, ನಾಳೆ ನಮ್ಮ ಪಾಳಿ. ಟೈಮ್‌ಶೇರ್ ಎಂಬ ವ್ಯವಹಾರವೂ ಇದೇ ತತ್ವದ ಮೇಲೆ ನಿಂತಿದೆ. ರೆಸಾರ್ಟಿನ ಒಂದು ಕೋಣೆಗೆ ವರ್ಷದಲ್ಲಿ 52 ವಾರಗಳಿವೆ. ದುರಸ್ತಿಗೆ ಒಂದೆರಡು ವಾರ ಬಿಟ್ಟು ಉಳಿದ ವಾರಗಳನ್ನು ಬೇರೆ ಬೇರೆ ಕುಟುಂಬಗಳಿಗೆ ಮಾರುತ್ತಾರೆ. ಕೊಂಡವರು ಒಮ್ಮೆ ದೊಡ್ಡ ಮೊತ್ತ ಕಟ್ಟುತ್ತಾರೆ. ಆಮೇಲೆ ಹತ್ತು, ಹದಿನೈದು ಅಥವಾ 25 ವರ್ಷ, ವರ್ಷಕ್ಕೆ ಒಂದು ವಾರ ತಂಗುವ ಹಕ್ಕು ಅವರದು. ಕಟ್ಟಡ ಅವರದಲ್ಲ, ಜಾಗ ಅವರದಲ್ಲ, ಪಾಳಿ ಮಾತ್ರ ಅವರದು.

ಇಷ್ಟು ಓದಿ ಕೆಲವರು ನಗಬಹುದು. ಚಿಕ್ಕನರಗುಂದದಲ್ಲಿ ಯಾರು ರೆಸಾರ್ಟಿಗೆ ಹೋಗುತ್ತಾರೆ, ಹೆಸರು ಕಾಳಿನ ರೇಟು ಏನೆಂದು ಬರೆಯಬಾರದೇ ಎಂದು ನನ್ನ ಗೆಳೆಯನೊಬ್ಬ ಕೇಳಿದ. ಆದರೆ ರೆಸಾರ್ಟು ದೂರವಿದ್ದರೂ ಫೋನು ಹತ್ತಿರವೇ ಇದೆ. ಹುಬ್ಬಳ್ಳಿಯ ಮಾಲಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಒಂದು ಕೂಪನ್ ತುಂಬಿದರೆ ಸಾಕು, ಎಂಟು ದಿನದಲ್ಲಿ ಕರೆ ಬರುತ್ತದೆ. ಶಿಕ್ಷಕರು, ಬ್ಯಾಂಕ್ ನೌಕರರು, ಅಂಗಡಿಯವರು, ಮಗ ಗಲ್ಫ್‌ನಲ್ಲಿ ದುಡಿಯುತ್ತಿರುವ ಮನೆಯವರು, ಈಗಷ್ಟೇ ನಿವೃತ್ತರಾಗಿ ಕೈಯಲ್ಲಿ ಒಂದಿಷ್ಟು ಹಣ ಬಂದವರು, ಇಂಥವರನ್ನೇ ಹುಡುಕಿ ಕರೆಯುತ್ತಾರೆ. ಆ ಕಾಗದಗಳು ಮನೆಗೆ ಬಂದಾಗ ‘ನೀನು ಕಾಮರ್ಸ್ ಓದ್ತೀಯಲ್ಲ, ಇದನ್ನ ಸ್ವಲ್ಪ ನೋಡು’ ಎಂಬ ಮಾತು ನಮ್ಮ ಕಡೆಗೇ ಬರುತ್ತದೆ. ನಮ್ಮ ಮನೆಯಲ್ಲಿ ಬಂತು. ಆದ್ದರಿಂದ ಈ ಪಾಠ.

ಎಲ್ಲಿಂದ ಬಂತು?

ಇದು ಯುರೋಪಿನಲ್ಲಿ ಹುಟ್ಟಿದ ವ್ಯವಹಾರ. 1963ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹಾಪಿಮಾಗ್ ಎಂಬ ಕಂಪನಿ ಆರಂಭವಾಯಿತು. ಜನರಿಂದ ಹಣ ಸೇರಿಸಿ ರಜೆಯ ಮನೆಗಳನ್ನು ಕೊಂಡು, ಹಣ ಹಾಕಿದವರೆಲ್ಲ ಅವುಗಳನ್ನು ಸರದಿಯಂತೆ ಬಳಸುವ ಪದ್ಧತಿ ಅದರದು. 1967ರಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸೂಪರ್‌ಡೆವೊಲಿ ಎಂಬಲ್ಲಿ ವಾರದ ಲೆಕ್ಕದ ಮಾರಾಟ ನಡೆಯಿತು. 1974ರಲ್ಲಿ ಅಮೆರಿಕದಲ್ಲಿ ಆರ್‌ಸಿಐ ಶುರುವಾಯಿತು. ಒಂದು ಊರಿನ ವಾರ ಕೊಂಡವರು ಅದನ್ನು ಬೇರೆ ಊರಿನ ವಾರದ ಜೊತೆ ಅದಲುಬದಲು ಮಾಡಿಕೊಳ್ಳಲು ನೆರವಾಗುವ ಸಂಸ್ಥೆ ಇದು. ಪ್ರತಿ ಸಲವೂ ಒಂದೇ ಊರಿಗೆ ಹೋಗಿ ಬೇಸತ್ತವರಿಗೆ ಅನುಕೂಲವಾಯಿತು, ಶುಲ್ಕ ಬೇರೆ.

ಭಾರತದಲ್ಲಿ 1986ರಲ್ಲಿ ಚೆನ್ನೈಯಲ್ಲಿ ಆರಂಭವಾದ ಸ್ಟರ್ಲಿಂಗ್ ಹಾಲಿಡೇ ರೆಸಾರ್ಟ್ಸ್ ಈ ವ್ಯಾಪಾರವನ್ನು ಜನರಿಗೆ ಪರಿಚಯಿಸಿತು. ಹತ್ತು ವರ್ಷದ ನಂತರ, 1996ರಲ್ಲಿ, ಮಹೀಂದ್ರಾ ಹಾಲಿಡೇಸ್ ಬಂತು; ‘ಕ್ಲಬ್ ಮಹೀಂದ್ರಾ’ ಎಂಬ ಹೆಸರು ಟಿವಿಯಲ್ಲಿ ನೋಡಿದ್ದೀರಿ. ನಮ್ಮ ರಾಜ್ಯದಲ್ಲಿ ಮಡಿಕೇರಿಯಲ್ಲಿ ಅದರ ರೆಸಾರ್ಟ್ ಇದೆ. ಸ್ಟರ್ಲಿಂಗ್ ಕಂಪನಿ 1990ರ ದಶಕದ ಕೊನೆಯಲ್ಲಿ ಹಣಕಾಸಿನ ಕಷ್ಟಕ್ಕೆ ಸಿಲುಕಿತು. 2014ರಲ್ಲಿ ಥಾಮಸ್ ಕುಕ್ ಇಂಡಿಯಾ ಅದನ್ನು ವಹಿಸಿಕೊಂಡಿತು. ಕಂಪನಿ ಇವತ್ತಿಗೂ ನಡೆಯುತ್ತಿದೆ. ಆದರೂ ಒಂದು ಸಂಗತಿ ಗಮನಿಸಿ. ಕರಾರು 25 ವರ್ಷದ್ದು. ಆ ಅವಧಿಯಲ್ಲಿ ಕಂಪನಿಯ ಮಾಲೀಕರೇ ಬದಲಾಗಬಹುದು. ಈಗ ನನಗೆ 17. ಇವತ್ತು ನಮ್ಮ ಮನೆಯಲ್ಲಿ ಸಹಿ ಹಾಕಿದರೆ ಕರಾರು ಮುಗಿಯುವಾಗ ನನಗೆ 42, ಅಬ್ಬಾಗೆ 73.

ಇದು ಹೂಡಿಕೆಯೋ, ಖರ್ಚೋ?

ಮಾರುವವರು ‘ಇನ್ವೆಸ್ಟ್‌ಮೆಂಟ್’ ಎಂಬ ಪದವನ್ನು ಬಹಳ ಬಳಸುತ್ತಾರೆ. ನಾವು ಪ್ರಥಮ ಪಿಯುಸಿಯ ಲೆಕ್ಕಶಾಸ್ತ್ರದಲ್ಲೇ ಇದಕ್ಕೆ ಉತ್ತರ ಕಲಿತಿದ್ದೇವೆ. ಅಂತಿಮ ಲೆಕ್ಕಗಳ ಹೊಂದಾಣಿಕೆಗಳನ್ನು ನೆನಪಿಸಿಕೊಳ್ಳಿ. ಮುಂದಿನ ವರ್ಷದ ವಿಮೆಯ ಕಂತನ್ನು ಈ ವರ್ಷವೇ ಕಟ್ಟಿದರೆ ಅದು ‘ಮುಂಗಡವಾಗಿ ಪಾವತಿಸಿದ ವೆಚ್ಚ’. ಬಾಡಿಗೆಯನ್ನು ಮುಂಚೆಯೇ ಪಡೆದವನಿಗೆ ಅದು ‘ಮುಂಗಡವಾಗಿ ಬಂದ ಆದಾಯ’, ಆಸ್ತಿ-ಹೊಣೆ ಪಟ್ಟಿಯ ಹೊಣೆಗಳ ಕಡೆಗೆ ಹೋಗುತ್ತದೆ, ಏಕೆಂದರೆ ಅವನು ಇನ್ನೂ ಸೇವೆ ಕೊಡಬೇಕಿದೆ.

ಈಗ ಟೈಮ್‌ಶೇರ್ ಮಾರುವ ಕಂಪನಿ ತನ್ನ ಪುಸ್ತಕದಲ್ಲಿ ನಮ್ಮ ಹಣವನ್ನು ಎಲ್ಲಿ ಬರೆಯುತ್ತದೆ ನೋಡೋಣ. ಮಹೀಂದ್ರಾ ಹಾಲಿಡೇಸ್ ಷೇರುಪೇಟೆಯಲ್ಲಿ ನೋಂದಾಯಿತ ಕಂಪನಿ. ಆದ್ದರಿಂದ ಅದರ ವಾರ್ಷಿಕ ವರದಿಯನ್ನು ಯಾರು ಬೇಕಾದರೂ ಹಣ ಕೊಡದೆ ಓದಬಹುದು. ಅದರ ಹೊಣೆಗಳ ಕಡೆ ‘ಮುಂದೂಡಿದ ಆದಾಯ’ ಎಂಬ ಸಾಲಿನಲ್ಲಿ ಸಾವಿರಾರು ಕೋಟಿ ರೂಪಾಯಿ ಇದೆ. ಹಿಂದೆ ಈ ಕಂಪನಿ ಸದಸ್ಯತ್ವದ ಹಣದ ದೊಡ್ಡ ಪಾಲನ್ನು ಸದಸ್ಯರು ಸೇರಿದ ವರ್ಷದಲ್ಲೇ ಆದಾಯವೆಂದು ತೋರಿಸುತ್ತಿತ್ತು. 2018ರ ಏಪ್ರಿಲ್ 1ರಿಂದ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡ ಜಾರಿಗೆ ಬಂದ ಮೇಲೆ ಆ ಹಣವನ್ನು ಸದಸ್ಯತ್ವದ ಪೂರ್ತಿ ಅವಧಿಗೆ ಹಂಚಬೇಕಾಯಿತು. ಅಂದರೆ ಕಾನೂನು ಹೇಳುವುದಿಷ್ಟು: ಸದಸ್ಯನಿಂದ ಬಂದದ್ದು ಮುಂದೆ ಕೊಡಬೇಕಾದ ಸೇವೆಯ ಮುಂಗಡ.

ಮಾರಿದವನ ಪುಸ್ತಕದಲ್ಲಿ ಅದು ಮುಂಗಡ ಆದಾಯವಾದರೆ, ಕೊಂಡವನ ಪುಸ್ತಕದಲ್ಲಿ ಅದು ಮುಂಗಡ ವೆಚ್ಚ. ಜೋಡಿ ನಮೂದು ಪದ್ಧತಿ ಇಲ್ಲಿ ಸುಳ್ಳು ಹೇಳಲು ಬಿಡುವುದಿಲ್ಲ. ಮುಂಗಡ ವೆಚ್ಚ ಆಸ್ತಿಯ ಕಡೆಗೇ ಬರುತ್ತದೆ ನಿಜ, ಆದರೆ ವರ್ಷ ವರ್ಷ ಕರಗುವ ಆಸ್ತಿ. ನರಗುಂದದಲ್ಲಿ ಕೊಂಡ ಪ್ಲಾಟಿನ ಬೆಲೆ 25 ವರ್ಷದ ಮೇಲೆ ಏರಿರಬಹುದು, ಇಳಿದಿರಬಹುದು, ಪ್ಲಾಟು ಮಾತ್ರ ಅಲ್ಲೇ ಇರುತ್ತದೆ. ಟೈಮ್‌ಶೇರ್‌ನ 25 ವರ್ಷ ಮುಗಿದ ದಿನ ಉಳಿಯುವುದು ಫೋಟೋಗಳು. ಫೋಟೋ ಕಡಿಮೆ ವಸ್ತು ಎಂದು ನಾನು ಹೇಳುತ್ತಿಲ್ಲ. ದಾದಿ ಒಮ್ಮೆ ಸಮುದ್ರ ನೋಡಬೇಕು ಎಂದು ಹೇಳುತ್ತಲೇ ಇರುತ್ತಾರೆ, ಅದಕ್ಕೆ ಖರ್ಚು ಮಾಡುವುದು ತಪ್ಪಲ್ಲ. ಖರ್ಚನ್ನು ಖರ್ಚು ಎಂದು ಕರೆದು ಮಾಡಬೇಕು, ಅಷ್ಟೆ.

ಲೆಕ್ಕ ಹಾಕುವ ಬಗೆ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಇದು ಯಾವ ಕಂಪನಿಯ ದರವೂ ಅಲ್ಲ, ಪಾಠಕ್ಕಾಗಿ ನಾನು ಇಟ್ಟುಕೊಂಡ ಅಂಕಿಗಳು. ಸದಸ್ಯತ್ವದ ಬೆಲೆ 4,00,000 ರೂಪಾಯಿ, ಅವಧಿ 25 ವರ್ಷ, ವರ್ಷಕ್ಕೆ 7 ರಾತ್ರಿ. ವಾರ್ಷಿಕ ನಿರ್ವಹಣಾ ಶುಲ್ಕ ತೆರಿಗೆ ಸೇರಿ 20,000.

ಮಾರುವವರು ಹೇಳುವ ಲೆಕ್ಕ ಹೀಗಿರುತ್ತದೆ: 25 ವರ್ಷಕ್ಕೆ 175 ರಾತ್ರಿ. 4,00,000ವನ್ನು 175ರಿಂದ ಭಾಗಿಸಿದರೆ ರಾತ್ರಿಗೆ ಸುಮಾರು 2,286 ರೂಪಾಯಿ. ಒಳ್ಳೆಯ ರೆಸಾರ್ಟಿನಲ್ಲಿ ಈ ಬೆಲೆಗೆ ಕೋಣೆ ಎಲ್ಲಿ ಸಿಗುತ್ತದೆ? ಕೇಳಲು ಚೆನ್ನಾಗಿದೆ. ಇದರಲ್ಲಿ ವಾರ್ಷಿಕ ಶುಲ್ಕ ಎಲ್ಲಿ ಹೋಯಿತು?

ಸರಳರೇಖಾ ಪದ್ಧತಿಯಲ್ಲಿ ಸವಕಳಿ ಹಾಕಿ. ವರ್ಷಕ್ಕೆ 16,000. ಅದಕ್ಕೆ ಶುಲ್ಕ 20,000 ಸೇರಿಸಿ, 36,000. ಏಳೂ ರಾತ್ರಿ ಉಪಯೋಗಿಸಿದರೆ ರಾತ್ರಿಗೆ ಸುಮಾರು 5,143. ನಾಲ್ಕೇ ರಾತ್ರಿ ಹೋದರೆ 9,000. ಹೋಗದೇ ಇದ್ದರೆ ಏನೂ ಇಲ್ಲದೆ 36,000, ಏಕೆಂದರೆ ಶುಲ್ಕ ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು.

ಅಂಥದೇ ಕೋಣೆ ಹೊರಗಿನವರಿಗೆ ದಿನಕ್ಕೆ 6,000ಕ್ಕೆ ಸಿಗುತ್ತದೆ ಎಂದುಕೊಳ್ಳಿ. 36,000ವನ್ನು 6,000ದಿಂದ ಭಾಗಿಸಿದರೆ 6. ಅಂದರೆ ವರ್ಷಕ್ಕೆ ಆರು ರಾತ್ರಿ ತಂಗಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಏಳು ರಾತ್ರಿ ತಂಗಿದರೆ ವರ್ಷಕ್ಕೆ 6,000 ಉಳಿತಾಯ. ಇದನ್ನು ಪ್ರಾಮಾಣಿಕವಾಗಿ ಹೇಳಲೇಬೇಕು: 25 ವರ್ಷ, ಒಂದು ವರ್ಷವೂ ತಪ್ಪಿಸದೆ, ಏಳೂ ದಿನ, ದುಬಾರಿ ರೆಸಾರ್ಟಿನಲ್ಲೇ ತಂಗುವ ಕುಟುಂಬಕ್ಕೆ ಟೈಮ್‌ಶೇರ್ ಲಾಭವೇ. ಅಂಥ ಕುಟುಂಬಗಳು ಇವೆ. ನಿಮ್ಮ ಮನೆ ಅಂಥದ್ದೇ ಎಂಬುದು ಪ್ರಶ್ನೆ. ಕಳೆದ ಐದು ವರ್ಷದಲ್ಲಿ ನಿಮ್ಮ ಮನೆಯವರು ಹೊರಗೆ ಹಣ ಕೊಟ್ಟು ತಂಗಿದ ರಾತ್ರಿಗಳನ್ನು ಬೆರಳಿನಲ್ಲಿ ಎಣಿಸಿ. ಕಲಬುರಗಿಯ ಉರುಸಿಗೆ ಹೋದಾಗ ಖಾಲಾ ಮನೆ, ವಿಜಯಪುರಕ್ಕೆ ಹೋದಾಗ ಸಂಬಂಧಿಕರ ಮನೆ, ಮದುವೆಗೆ ಹೋದಾಗ ಶಾದಿಮಹಲ್. ನಮ್ಮ ಮನೆಯ ಎಣಿಕೆ ಐದು ವರ್ಷಕ್ಕೆ ಮೂರು ರಾತ್ರಿ ಬಂತು.

ಹೋಲಿಕೆಗೆ ಯಾವ ಕೋಣೆ ಇಟ್ಟುಕೊಳ್ಳುತ್ತೀರಿ ಎಂಬುದೂ ಮುಖ್ಯ. ಸ್ವಂತ ಹಣದಲ್ಲಿ ಹೋಗುವಾಗ ನೀವು 2,500 ರೂಪಾಯಿಯ ಕೋಣೆ ಹಿಡಿಯುವವರಾದರೆ, 6,000ದ ಕೋಣೆಯ ಜೊತೆ ಹೋಲಿಸಿ ‘ಉಳಿಯಿತು’ ಎನ್ನುವುದು ಸರಿಯಲ್ಲ. ಬಾದಾಮಿ, ವಿಜಯಪುರ, ಜೋಗದಲ್ಲಿ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲುಗಳಿವೆ. ಹೋದ ರಾತ್ರಿಗೆ ಹಣ, ಹೋಗದ ವರ್ಷ ಏನೂ ಇಲ್ಲ.

ಇಲ್ಲಿ ಜಾಣ ಓದುಗರು ಕೇಳಬಹುದು, ಹೋಟೆಲ್ ಬಾಡಿಗೆ ವರ್ಷ ವರ್ಷ ಏರುತ್ತದಲ್ಲ, ಇವತ್ತೇ ಕೊಂಡರೆ ಆ ಏರಿಕೆಯಿಂದ ಪಾರಾಗುವುದಿಲ್ಲವೇ? ಮಾರುವವರ ಅತ್ಯಂತ ಗಟ್ಟಿ ವಾದ ಇದೇ. ಅದು ಅರ್ಧ ನಿಜ. ಬಾಡಿಗೆ ಏರುತ್ತದೆ, ಆದರೆ ವಾರ್ಷಿಕ ಶುಲ್ಕವೂ ಏರುತ್ತದೆ. ನಮ್ಮ 20,000 ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 25ನೆಯ ವರ್ಷ ಸುಮಾರು 81,000 ಆಗುತ್ತದೆ. 25 ವರ್ಷದ ಒಟ್ಟು ಶುಲ್ಕ ಸುಮಾರು 10,97,000. ನಾಲ್ಕು ಲಕ್ಷದ ವಸ್ತು ಎಂದು ಕೊಂಡದ್ದರ ಹಿಂದೆ ಹನ್ನೊಂದು ಲಕ್ಷದ ಬಾಲ. ಇನ್ನೊಂದು ಕಡೆ, ಆ ನಾಲ್ಕು ಲಕ್ಷ ಕೈಯಲ್ಲೇ ಇದ್ದಿದ್ದರೆ ಅದೂ ಬೆಳೆಯುತ್ತಿತ್ತು. ಈ ಮೂರೂ ಸುಮಾರು ಒಂದೇ ವೇಗದಲ್ಲಿ ಏರುತ್ತವೆ ಎಂದುಕೊಂಡರೆ ಇವತ್ತಿನ ರೂಪಾಯಿಯಲ್ಲಿ ಹಾಕಿದ ಸರಳ ಲೆಕ್ಕವೇ ಸಾಕು. ಅದಕ್ಕಾಗಿಯೇ ಮೇಲೆ ಹಾಗೆ ಹಾಕಿದೆ.

ನಮ್ಮ ಅನೇಕ ಮನೆಗಳಲ್ಲಿ ಬ್ಯಾಂಕಿನ ಬಡ್ಡಿ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಹಣ ಬೆಳೆಯುವ ಮಾತು ನಮಗೆ ಅನ್ವಯಿಸದು ಎಂದು ತಿಳಿಯಬೇಡಿ. ಪುಸ್ತಕದಲ್ಲಿ ಅವಕಾಶ ವೆಚ್ಚ ಎಂದು ಓದುತ್ತೇವಲ್ಲ, ಅದಕ್ಕೂ ಬಡ್ಡಿಗೂ ಸಂಬಂಧವಿಲ್ಲ. ಆ ನಾಲ್ಕು ಲಕ್ಷ ಬಟ್ಟೆ ಅಂಗಡಿಗೆ ಹಬ್ಬದ ಮಾಲಾಗಬಹುದಿತ್ತು, ಎರಡು ಎಮ್ಮೆಯಾಗಬಹುದಿತ್ತು, ತಂಗಿಯ ನರ್ಸಿಂಗ್ ಸೀಟಾಗಬಹುದಿತ್ತು. ಬಿಟ್ಟುಕೊಟ್ಟದ್ದು ಯಾವುದೋ ಅದೇ ಅದರ ನಿಜವಾದ ಬೆಲೆ.

ಕಂತಿನಲ್ಲಿ ಕೊಳ್ಳುವುದಾದರೆ ಇನ್ನೊಂದು ಲೆಕ್ಕ. ಶೇಕಡಾ 10 ಮುಂಗಡ ಕೊಟ್ಟು ಉಳಿದ 3,60,000ವನ್ನು ಶೇಕಡಾ 15ರ ಬಡ್ಡಿಗೆ 48 ಕಂತಿನಲ್ಲಿ ಕಟ್ಟಿದರೆ ತಿಂಗಳಿಗೆ ಸುಮಾರು 10,020 ರೂಪಾಯಿ, ಒಟ್ಟು ಸುಮಾರು 4,81,000. ‘ಬಡ್ಡಿಯೇ ಇಲ್ಲ’ ಎಂದರೆ ಒಂದೇ ಪ್ರಶ್ನೆ ಕೇಳಿ: ಪೂರ್ತಿ ನಗದು ಕೊಟ್ಟರೆ ಎಷ್ಟು ಕಡಿಮೆ ಮಾಡುತ್ತೀರಿ? ಎಷ್ಟು ಕಡಿಮೆ ಮಾಡುತ್ತಾರೋ ಅಷ್ಟು ಬಡ್ಡಿ ಬೆಲೆಯಲ್ಲೇ ಅಡಗಿ ಕೂತಿದೆ.

ಮಾಮು ಕೇಳಿದ ಪ್ರತಿ

ನಮ್ಮ ಮಾಮು ಹುಬ್ಬಳ್ಳಿಯಲ್ಲಿದ್ದಾರೆ. ಕಳೆದ ವರ್ಷ ಅವರಿಗೆ ಇಂಥ ಕರೆ ಬಂತು. ‘ನಿಮಗೆ ಬಹುಮಾನ ಬಂದಿದೆ, ಪತ್ನಿಯ ಜೊತೆ ಬಂದು ಪಡೆದುಕೊಳ್ಳಿ’ ಎಂದು ಹೋಟೆಲೊಂದಕ್ಕೆ ಕರೆದರು. ಕಂಪನಿಯ ಹೆಸರು ಇಲ್ಲಿ ಬೇಡ. ಪತ್ನಿಯ ಜೊತೆಗೇ ಬರಬೇಕು ಎನ್ನುವುದಕ್ಕೆ ಕಾರಣವಿದೆ. ಒಬ್ಬರೇ ಬಂದರೆ ‘ಮನೆಯಲ್ಲಿ ಕೇಳಿ ಹೇಳ್ತೀನಿ’ ಎಂದು ಎದ್ದು ಹೋಗುತ್ತಾರೆ.

ಎರಡು ಗಂಟೆ ಕೂರಿಸಿದರು. ಚಹಾ, ಬಿಸ್ಕೀಟು, ದೊಡ್ಡ ಪರದೆಯ ಮೇಲೆ ಬೆಟ್ಟ, ಸಮುದ್ರ. ಮುಮಾನಿಗೆ ಬಹಳ ಇಷ್ಟವಾಯಿತು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವರು ಒಮ್ಮೆಯೂ ಹೀಗೆ ಹೋದವರಲ್ಲ. ಮೊದಲು ಹೇಳಿದ ಬೆಲೆಯನ್ನು ಮ್ಯಾನೇಜರ್ ಬಂದು ಒಂದೂವರೆ ಲಕ್ಷ ಇಳಿಸಿದರು, ‘ಈ ದರ ಇವತ್ತು ಸಂಜೆಯವರೆಗೆ ಮಾತ್ರ’ ಎಂದರು. ಮಾಮು ಹೇಳಿದ್ದು ಇಷ್ಟೇ: ‘ಕರಾರಿನ ಪ್ರತಿ ಕೊಡಿ, ಮನೆಗೆ ಒಯ್ದು ಓದಿ ನಾಳೆ ಬರುತ್ತೇನೆ.’ ಕೊಡಲಿಲ್ಲ. ಸಹಿ ಮಾಡಿದ ಮೇಲೆ ಅಂಚೆಯಲ್ಲಿ ಬರುತ್ತದೆ ಎಂದರು. ಮಾಮು ಎದ್ದು ಬಂದರು.

ಲೆಕ್ಕ ಏನೇ ಹೇಳಲಿ, ಓದಲು ಕೊಡದ ಕರಾರಿಗೆ ಸಹಿ ಹಾಕಬಾರದು ಎಂಬುದು ನನ್ನ ಅಭಿಪ್ರಾಯ. ಇವತ್ತು ಲಾಭವಾಗಿರುವ ವ್ಯವಹಾರ ನಾಳೆ ಬೆಳಿಗ್ಗೆ ನಷ್ಟವಾಗಲು ಕಾರಣವೇ ಇಲ್ಲ. ಬೆಲೆ ನಾಳೆ ಏರುತ್ತದೆ ಎನ್ನುವುದು ನಾವು ಯೋಚಿಸದಿರಲಿ ಎಂಬುದಕ್ಕೆ.

ಕಾನೂನು ಎಲ್ಲಿಯವರೆಗೆ ಕಾಯುತ್ತದೆ?

ಯುರೋಪಿಯನ್ ಒಕ್ಕೂಟದಲ್ಲಿ ಟೈಮ್‌ಶೇರ್‌ಗೆಂದೇ 2008ರ ನಿರ್ದೇಶನವೊಂದಿದೆ. ಕೊಂಡವರು 14 ದಿನದೊಳಗೆ ಕಾರಣ ಹೇಳದೆ ಹಿಂದೆ ಸರಿಯಬಹುದು, ಆ 14 ದಿನ ಮಾರುವವರು ಮುಂಗಡ ಹಣ ಪಡೆಯುವಂತಿಲ್ಲ. ಭಾರತದಲ್ಲಿ ಟೈಮ್‌ಶೇರ್‌ಗೆ ಮಾತ್ರ ಎಂದು ಮಾಡಿದ ಕಾಯ್ದೆ ಇಲ್ಲ. ಕೆಲವು ದೊಡ್ಡ ಕಂಪನಿಗಳು ತಾವಾಗಿಯೇ ಕರಾರಿನಲ್ಲಿ ಹತ್ತು ದಿನದಂಥ ಅವಧಿ ಬರೆದಿರುತ್ತವೆ. ಅದು ಇದೆಯೇ, ದಿನ ಯಾವತ್ತಿನಿಂದ ಎಣಿಸುತ್ತಾರೆ, ರದ್ದು ಮಾಡುವ ಪತ್ರವನ್ನು ಎಲ್ಲಿಗೆ ಕಳಿಸಬೇಕು, ಇವನ್ನು ಸಹಿಗೆ ಮೊದಲೇ ನೋಡಬೇಕು. ರದ್ದತಿ ಪತ್ರವನ್ನು ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ ಕಳಿಸಿ ರಸೀದಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಾಮಾನ್ಯ ಕಾನೂನುಗಳಂತೂ ಅನ್ವಯಿಸುತ್ತವೆ. ಭಾರತೀಯ ಕರಾರು ಕಾಯ್ದೆ, 1872ರ ಪ್ರಕಾರ ಮೋಸದಿಂದ ಅಥವಾ ತಪ್ಪು ನಿರೂಪಣೆಯಿಂದ ಪಡೆದ ಒಪ್ಪಿಗೆ ಸ್ವತಂತ್ರ ಒಪ್ಪಿಗೆಯಲ್ಲ. ಅಂಥ ಕರಾರನ್ನು ನೊಂದ ಪಕ್ಷ ರದ್ದುಪಡಿಸಬಹುದು. (ನಮ್ಮ ಸಹಿಗೆ ಹೇಗೂ ಬೆಲೆ ಇಲ್ಲ. 18 ತುಂಬದವರ ಕರಾರು ಮೊದಲಿನಿಂದಲೇ ಶೂನ್ಯ ಎಂದು 1903ರಲ್ಲಿ ಮೋಹರಿ ಬೀಬಿ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಹೇಳಿದೆ.) ಆದರೆ ಬರೆದ ಕರಾರಿನ ಎದುರು ಬಾಯಿಮಾತು ನಿಲ್ಲುವುದು ಕಷ್ಟ. ‘ಯಾವಾಗ ಬೇಕಾದರೂ ಮಾರಬಹುದು, ನಾವೇ ಮಾರಿಸಿಕೊಡುತ್ತೇವೆ’ ಎಂದರೆ ಅದನ್ನು ಕರಾರಿನಲ್ಲಿ ತೋರಿಸಿ ಎನ್ನಿ. ಇಲ್ಲವಾದರೆ ಕಂಪನಿಯ ಇಮೇಲಿನಿಂದ ಬರೆದು ಕಳಿಸಿ ಎನ್ನಿ. ಬರೆಯಲು ಒಪ್ಪದ ಮಾತು ಹೇಳಿದಂತೆಯೇ ಅಲ್ಲ.

ದ್ವಿತೀಯ ಪಿಯುಸಿಯಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಓದುತ್ತೇವೆ. ಅದು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಅದರಲ್ಲಿ ನಮ್ಮಂಥ ಊರಿನವರಿಗೆ ಬಹಳ ಉಪಯೋಗದ ಒಂದು ಬದಲಾವಣೆಯಿದೆ. 1986ರ ಹಳೆಯ ಕಾಯ್ದೆಯಲ್ಲಿ ಎದುರು ಪಕ್ಷದ ಕಚೇರಿಯೋ ಶಾಖೆಯೋ ಇರುವ ಕಡೆ, ಇಲ್ಲವೇ ದೂರಿನ ಕಾರಣ ಹುಟ್ಟಿದ ಕಡೆ ದೂರು ಕೊಡಬೇಕಿತ್ತು. ಈಗ ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಕೊಡಬಹುದು. ಕಂಪನಿ ಚೆನ್ನೈಯಲ್ಲಿರಲಿ, ಮುಂಬೈಯಲ್ಲಿರಲಿ, ಚಿಕ್ಕನರಗುಂದದವರು ಗದಗಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಟ್ಟ ಹಣ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಸಾಕು. 5 ಲಕ್ಷದವರೆಗೆ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು ಎಂಬುದನ್ನು ಮರೆಯಬಾರದು. ಮೊದಲು ಸಲಹೆ ಬೇಕಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಹಣ ವಾಪಸ್ ಕೊಡುತ್ತೇವೆ ಎಂದರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ‘ತಂಗಲು ಹೋಗದಿದ್ದರೂ ಚಿಂತೆಯಿಲ್ಲ, ಅವಧಿ ಮುಗಿದ ಮೇಲೆ ಹೆಚ್ಚಿನ ಹಣ ಸೇರಿಸಿ ವಾಪಸ್ ಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅದು ಟೈಮ್‌ಶೇರ್ ಅಲ್ಲ, ಬೇರೆಯೇ ವಸ್ತು.

ಮುಂಬೈಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಲಿಮಿಟೆಡ್ ಹೋಟೆಲಿನ ‘ಕೋಣೆ-ರಾತ್ರಿ’ಗಳನ್ನು ಮಾರುತ್ತಿತ್ತು. ಉಪಯೋಗಿಸದವರಿಗೆ ಅವಧಿಯ ಕೊನೆಯಲ್ಲಿ ‘ಸರೆಂಡರ್ ಮೌಲ್ಯ’ ಕೊಡುವುದಾಗಿ ಹೇಳುತ್ತಿತ್ತು. ಸೆಬಿ ಇದನ್ನು ಪರಿಶೀಲಿಸಿ, ಇದು ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆ ಎಂದು ತೀರ್ಮಾನಿಸಿತು. 2016ರ ಫೆಬ್ರವರಿ 29ರಂದು, 51 ಲಕ್ಷಕ್ಕೂ ಹೆಚ್ಚು ಜನರಿಂದ ಸಂಗ್ರಹಿಸಿದ 7,035 ಕೋಟಿ ರೂಪಾಯಿಯನ್ನು ಹಿಂದಿರುಗಿಸಲು ಆದೇಶಿಸಿತು. ಆದೇಶವಾದ ಮಾತ್ರಕ್ಕೆ ಹಣ ಕೈಗೆ ಬರುವುದಿಲ್ಲ ಎಂಬುದನ್ನು ಆ ಲಕ್ಷಾಂತರ ಜನ ವರ್ಷಗಟ್ಟಲೆ ಅನುಭವಿಸಿದರು. ಈ 7,035 ಕೋಟಿಯನ್ನು 51 ಲಕ್ಷದಿಂದ ಭಾಗಿಸಿ ನೋಡಿ. ತಲೆಗೆ ಹದಿನಾಲ್ಕು ಸಾವಿರದ ಹತ್ತಿರ ಬರುತ್ತದೆ. ಅಂದರೆ ಅವರು ರೆಸಾರ್ಟಿಗೆ ಹೋಗುವ ಶ್ರೀಮಂತರಲ್ಲ, ಉಳಿತಾಯದ ಹಣ ಇಟ್ಟ ಸಾಮಾನ್ಯರು.

ಸೆಬಿ ಕಾಯ್ದೆಯ 11ಎಎ ಕಲಮು ಪರೀಕ್ಷೆಯನ್ನು ಸರಳವಾಗಿಯೇ ಕೊಟ್ಟಿದೆ. ಜನರ ಹಣ ಒಂದೆಡೆ ಸೇರುತ್ತದೆಯೇ, ಲಾಭದ ಆಸೆಯಿಂದ ಕೊಟ್ಟಿದ್ದಾರೆಯೇ, ಬೇರೆಯವರು ಅವರ ಪರವಾಗಿ ನಿರ್ವಹಿಸುತ್ತಾರೆಯೇ, ದಿನನಿತ್ಯದ ಹಿಡಿತ ಹಣ ಕೊಟ್ಟವರ ಕೈಯಲ್ಲಿ ಇಲ್ಲವೇ. ನಾಲ್ಕಕ್ಕೂ ಹೌದು ಎಂದಾದರೆ ಸೆಬಿ ನೋಂದಣಿ ಎಲ್ಲಿ ಎಂದು ಕೇಳಿ.

ಇದರ ತಮ್ಮನಂಥ ಇನ್ನೊಂದು ಮೋಸವೂ ಇದೆ. ಈಗಾಗಲೇ ಸದಸ್ಯತ್ವ ಇರುವವರಿಗೆ ‘ನಿಮ್ಮದನ್ನು ಕೊಳ್ಳಲು ಗಿರಾಕಿ ಸಿದ್ಧ, ನೋಂದಣಿಗೆ ಇಷ್ಟು ಹಣ ಮೊದಲು ಕಳಿಸಿ’ ಎಂದು ಕರೆ ಬರುತ್ತದೆ. ಮಾರಿಕೊಡುವವರು ಕಮಿಷನ್ನನ್ನು ಮಾರಾಟದ ಹಣದಲ್ಲಿ ಹಿಡಿದುಕೊಳ್ಳುತ್ತಾರೆ. ನಮ್ಮ ಎಪಿಎಂಸಿಯ ದಲಾಲರೂ ಹಾಗೆಯೇ ಮಾಡುವುದು. ಮುಂಚೆ ಹಣ ಕೇಳುವವನು ದಲಾಲನಲ್ಲ.

ಕೊಳ್ಳಲೇಬೇಕೆಂದರೆ

ಎಲ್ಲ ಲೆಕ್ಕ ಹಾಕಿ, ನಮ್ಮ ಮನೆಗೆ ಇದು ಸರಿ ಎಂದು ತೀರ್ಮಾನಿಸಿದವರು ಪಾಳಿಯ ಬಣ್ಣ ನೋಡಬೇಕು. ಕಂಪನಿಗಳು ವರ್ಷವನ್ನು ಬೇಡಿಕೆಯ ಪ್ರಕಾರ ವಿಂಗಡಿಸುತ್ತವೆ. ಕ್ಲಬ್ ಮಹೀಂದ್ರಾದಲ್ಲಿ ನೇರಳೆ, ಕೆಂಪು, ಬಿಳಿ, ನೀಲಿ ಎಂಬ ಋತುಗಳಿವೆ. ನೇರಳೆ ಅತ್ಯಂತ ದುಬಾರಿ, ನೀಲಿ ಅಗ್ಗ. ಅಗ್ಗದ ಬಣ್ಣ ಕೊಂಡವರು ಶಾಲೆಗೆ ರಜೆ ಇರುವ ದಿನಗಳಲ್ಲಿ ಹೋಗಲಾಗದೆ ಕೈ ಕಟ್ಟಿ ಕೂರಬೇಕಾದೀತು. ನಮ್ಮ ಕಡೆಯ ಬಿಡುವು ಬೇರೆ. ಹೆಸರು ಕಾಳಿನ ಸುಗ್ಗಿಯಲ್ಲಿ ರೈತರ ಮನೆಯವರು ಎಲ್ಲಿಗೂ ಹೋಗುವುದಿಲ್ಲ; ರಂಜಾನ್ ತಿಂಗಳು ವರ್ಷಕ್ಕೆ ಸುಮಾರು ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತ ಹೋಗುವುದರಿಂದ ಈ ವರ್ಷ ಅನುಕೂಲವಾದ ವಾರ ಐದು ವರ್ಷದ ಮೇಲೆ ಉಪವಾಸದಲ್ಲಿ ಬಂದೀತು. ಮಕ್ಕಳು ಶಾಲೆಯಲ್ಲಿರುವವರೆಗೆ ಏಪ್ರಿಲ್–ಮೇ ಬಿಟ್ಟರೆ ಬೇರೆ ದಾರಿಯಿಲ್ಲ, ಆ ದಿನಗಳಿಗೇ ಎಲ್ಲರ ಕಣ್ಣು.

ಮತ್ತೆ ಕಾಲುವೆಯ ಮಾತಿಗೆ ಬಂದರೆ, ಕಾಲುವೆಯ ಕೊನೆಯ ರೈತನಿಗೆ ಪಾಳಿ ಇರುತ್ತದೆ, ನೀರು ಬರುವುದಿಲ್ಲ. ಟೈಮ್‌ಶೇರ್ ಸದಸ್ಯರ ಸಾಮಾನ್ಯ ದೂರೂ ಅದೇ: ವಾರ ಇದೆ, ಬೇಕಾದ ದಿನ ಬೇಕಾದ ಊರಿನಲ್ಲಿ ಕೋಣೆ ಖಾಲಿ ಇಲ್ಲ. ಆದ್ದರಿಂದ ಬುಕಿಂಗ್ ಎಷ್ಟು ತಿಂಗಳು ಮೊದಲು ತೆರೆಯುತ್ತದೆ, ಸಿಗದಿದ್ದರೆ ಆ ರಾತ್ರಿಗಳು ಮುಂದಿನ ವರ್ಷಕ್ಕೆ ಹೋಗುತ್ತವೆಯೇ, ಶುಲ್ಕ ಬಾಕಿ ಇದ್ದರೆ ಏನಾಗುತ್ತದೆ ಎಂಬುದನ್ನು ಕರಾರಿನಲ್ಲೇ ಹುಡುಕಬೇಕು. ಈಗಾಗಲೇ ಸದಸ್ಯರಾಗಿರುವ ಇಬ್ಬರನ್ನು ನೀವೇ ಹುಡುಕಿ ಮಾತಾಡಿಸಿ, ಕಂಪನಿ ತೋರಿಸಿದವರನ್ನಲ್ಲ.

ಕೋಣೆಯ ಅಳತೆ ಕೇಳಿ. ಚಿಕ್ಕ ಕೋಣೆಯಲ್ಲಿ ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು ಎಂದಿರುತ್ತದೆ. ನಮ್ಮ ಮನೆಯಲ್ಲಿ ದಾದಿ ಸೇರಿ ಏಳು ಜನ. ದಾದಿಯನ್ನು ಮನೆಯಲ್ಲಿ ಬಿಟ್ಟು ಹೋಗುವ ರಜೆ ಯಾರಿಗೆ ಬೇಕು? ಊಟ ಸಾಮಾನ್ಯವಾಗಿ ಸೇರಿರುವುದಿಲ್ಲ, ರೆಸಾರ್ಟು ಊರಿನಿಂದ ದೂರವಿದ್ದರೆ ಮೂರು ಹೊತ್ತೂ ಅಲ್ಲೇ ತಿನ್ನಬೇಕು. ಹಲಾಲ್ ಅಡುಗೆ ಇದೆಯೇ ಎಂದು ನಮ್ಮವರು ಮೊದಲೇ ವಿಚಾರಿಸಬೇಕು, ಇಲ್ಲದಿದ್ದರೆ ಏಳು ದಿನ ದಾಲ್-ರೈಸ್. ಚಿಕ್ಕನರಗುಂದದಿಂದ ಮಡಿಕೇರಿಗೆ ಹೋಗಿ ಬರುವ ಖರ್ಚನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಕೊನೆಗೆ, ಕೊಳ್ಳುವ ಮೊದಲು ಅದೇ ರೆಸಾರ್ಟಿನಲ್ಲಿ ಸ್ವಂತ ಹಣ ಕೊಟ್ಟು ಎರಡು ರಾತ್ರಿ ತಂಗಿ ಬನ್ನಿ. ಹಾಗೆಯೇ ಬಿಟ್ಟುಬಿಡಲು ಬಯಸುವ ಹಳೆಯ ಸದಸ್ಯರು ಎಷ್ಟಕ್ಕೆ ಮಾರುತ್ತಿದ್ದಾರೆ ಎಂದು ಜಾಹೀರಾತುಗಳಲ್ಲಿ ನೋಡಿ. ಹೊಸ ಬೆಲೆಗೂ ಆ ಬೆಲೆಗೂ ಇರುವ ಅಂತರ, ಸಹಿ ಹಾಕಿದ ಮರುದಿನವೇ ನಿಮ್ಮ ಕೈಬಿಡುವ ಹಣ. ವರ್ಗಾವಣೆಗೆ ಕಂಪನಿ ಒಪ್ಪುವುದಾದರೆ, ಅದರ ಶುಲ್ಕ ತಿಳಿದುಕೊಂಡು, ಹಳೆಯ ಸದಸ್ಯರಿಂದಲೇ ಕೊಳ್ಳುವುದು ಎಷ್ಟೋ ಸಲ ಜಾಣತನ.

ಅಭ್ಯಾಸ

ಒಂದು ಸದಸ್ಯತ್ವದ ಬೆಲೆ 3,00,000 ರೂಪಾಯಿ, ಅವಧಿ 20 ವರ್ಷ, ವಾರ್ಷಿಕ ಶುಲ್ಕ 15,000. ಕುಟುಂಬ ವರ್ಷಕ್ಕೆ 5 ರಾತ್ರಿ ಮಾತ್ರ ಬಳಸುತ್ತದೆ. (ಅ) ಸರಳರೇಖಾ ಪದ್ಧತಿಯಲ್ಲಿ ಒಂದು ರಾತ್ರಿಯ ವೆಚ್ಚ ಎಷ್ಟು? (ಆ) 8 ವರ್ಷದ ಕೊನೆಯಲ್ಲಿ 60,000ಕ್ಕೆ ಮಾರಿದರೆ ಪುಸ್ತಕ ಮೌಲ್ಯದ ಮೇಲೆ ನಷ್ಟ ಎಷ್ಟು? ಉತ್ತರ: (ಅ) 6,000 ರೂಪಾಯಿ, (ಆ) 1,20,000 ರೂಪಾಯಿ. ಬೇರೆ ಉತ್ತರ ಬಂದವರು ವಾರ್ಷಿಕ ಶುಲ್ಕವನ್ನು ಎಲ್ಲಿ ಸೇರಿಸಿದ್ದೀರಿ ಎಂದು ಮತ್ತೊಮ್ಮೆ ನೋಡಿ. ಅದು ಪ್ರತಿ ವರ್ಷದ ಖರ್ಚು, ಪುಸ್ತಕ ಮೌಲ್ಯಕ್ಕೆ ಸೇರುವುದಿಲ್ಲ.